ನಾಕ ಪೇಜಿನ ಹುಡುಗ

ಹಾನಗಲ್ಲ ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ. ಹಿರೇಕೆರೂರ ಕಡೆಯ ಬಿಕಾಂ ಹುಡುಗ, ಟೈಪ್ ಮಾಡುವ ಕಾಕಾ. ಪೇಜಿಗೆ 20 ರೂಪಾಯಿ, ಇದು ನೆನಪಿರಲಿ.

"ಕಾಕಾ, ಬಯೋಡಾಟಾ ಒಂದ ಪೇಜ್ ಸಾಕಲ್ರೀ?"

"ಒಂದಾ? ಹುಡುಗ ಖಾಲಿ ಅದಾನ ಅಂತಾರ. ನಾಕ ಮಾಡೂಣು. ಹವ್ಯಾಸ?"

"ಕ್ರಿಕೆಟ್ ನೋಡೂದ್ರಿ."

"ಕ್ರೀಡೆ, ವೀಕ್ಷಣೆ, ವಿಶ್ಲೇಷಣೆ. ಮೂರಾತು. ಇಂಗ್ಲಿಷ್?"

"ತಿಳೀತೈತ್ರಿ, ಮಾತಾಡಾಕ ಬರಂಗಿಲ್ಲ."

"ನಿರರ್ಗಳ."

"ಕಾಕಾ, ನಮ್ಮ ಅಬಲೂರ ಸರ್ವಜ್ಞ ಮೂರ ಸಾಲಿನಾಗ ಲೋಕಾನ ಹೇಳಿದ."

"ಅವಗ ನೌಕರಿ ಯಾರ ಕೊಟ್ರು? ತಿರಕೊಂಡ ಉಂಡ. ಹಾನಗಲ್ಲ ಕದಂಬರ ಶಾಸನ ನೋಡು. ಬನವಾಸಿಪುರವರಾಧೀಶ್ವರ ಅಂತ ಬಿರುದು ಸುರು ಆದ್ರ, ರಾಜನ ಹೆಸರ ಬರೂದ್ರಾಗ ಅರ್ಧ ಕಲ್ಲ ಮುಗೀತೈತಿ. ಅದು ಬಯೋಡಾಟಾ!"

"ಕಲ್ಲಿಗೂ ಪೇಜಿನ ಲೆಕ್ಕಾನ ಏನ್ರೀ?"

ಕಾಕಾಗೆ ಕೇಳಿಸಲಿಲ್ಲ, ಕೇಳಿಸುವ ವಿಷಯವೂ ಅಲ್ಲ.

"ಶಿಗ್ಗಾವಿ ತಾಲೂಕಿನ ಬಾಡದ ಕನಕದಾಸರು ಡಣಾಯಕರಾಗಿದ್ದವ್ರು. ಅದನ್ನ ಬಿಟ್ಟು ದಾಸರಾದ್ರು. ಅದನ್ನ ಯಾವ ಕಾಲಂನ್ಯಾಗ ಹಾಕಬೇಕ್ರೀ?"

"ಕೆಲಸ ಬಿಟ್ಟ ಕಾರಣ. ಅದಕ್ಕ ಬ್ಯಾರೆ ಪೇಜ್."

"..."

"ಸವಣೂರಾಗ ದೊಡ್ಡಹುಣಸಿ ಮರ ನೋಡೀಯೇನು? ಮೂಲ ಆಫ್ರಿಕಾದ್ದು. ಮಂದಿ ನೋಡಾಕ ಹೋಗೂದು ಅದರ ದಪ್ಪಕ್ಕ!"

"ಆ ಜಾತಿ ಮರ ವಯಸ್ಸಾದಂಗ ಒಳಗ ಟೊಳ್ಳ ಆಕ್ಕಾವಂತ್ರೀ."

"ಹೊರಗ ಕಾಣತೈತೇನು? ತಗೊ, 80 ರೂಪಾಯಿ."

"ಕಾಕಾ, ಈಗ ನೋಡಿದ್ನಿ. ಕಂಪನಿಯವ್ರು ಒಂದ ಪೇಜ್ ಅಷ್ಟ ಕಳಸ್ರಿ ಅಂದಾರ."

"ಅಕ್ಷರ ಸಣ್ಣ ಮಾಡತೀನಿ. ರೊಕ್ಕ ಸಣ್ಣ ಆಗಂಗಿಲ್ಲ ನೋಡಪಾ."