ಗುಳಿಕಾಗಮನ ಮೀಮಾಂಸೆ

ಮಂಡಿನೋವಿಗೆಂದು ನುಂಗಿದ ಗುಳಿಗೆ ಗಂಟಲಿಳಿದ ಮೇಲೆ ಮಂಡಿಗೇ ಹೋಗಿ ತಲುಪುವುದು ಹೇಗೆ? ಪ್ರಾಚೀನರು ಈ ಪ್ರಶ್ನೆಯನ್ನು ಎತ್ತಿಲ್ಲ. ಅವರ ಕಾಲಕ್ಕೆ ಡೈಕ್ಲೊಫೆನಾಕ್ ಇರಲಿಲ್ಲವೆಂಬ ಸಬೂಬನ್ನು ಸದ್ಯಕ್ಕೆ ಒಪ್ಪಿಕೊಂಡು ಮುಂದುವರಿಯೋಣ.

ಪೂರ್ವಪಕ್ಷದಲ್ಲಿ ಎರಡು ಪಂಥಗಳುಂಟು. ವಿಳಾಸವಾದಿಗಳ ಪ್ರಕಾರ ಗುಳಿಗೆಗೆ ಜ್ಞಾನವಿದೆ. ಹಲ್ಲಿಗೆಂದು ನುಂಗಿದರೆ ಮೇಲೆ ಹತ್ತುತ್ತದೆ, ಸೊಂಟಕ್ಕೆಂದರೆ ಕೆಳಗಿಳಿಯುತ್ತದೆ. ಹಲ್ಲೂ ಸೊಂಟವೂ ಒಟ್ಟಿಗೆ ನೋಯುವಾಗ ಎತ್ತ ಹೋಗುತ್ತದೆಂದು ಕೇಳಿದರೆ ಅವರು ಉತ್ತರಿಸುವುದಿಲ್ಲ, ಎರಡು ಗುಳಿಗೆ ನುಂಗುತ್ತಾರೆ. ಇನ್ನುಳಿದವರು ಗ್ಯಾಸ್‌ವಾದಿಗಳು. ಸಕಲ ನೋವಿಗೂ ಗ್ಯಾಸೇ ಮೂಲವೆಂಬುದು ಇವರ ಆದಿಸೂತ್ರ. ಇವರೊಡನೆ ವಾದಕ್ಕಿಳಿದು ಗೆದ್ದವರಿಲ್ಲ.

ಸಿದ್ಧಾಂತವಿಷ್ಟೆ: ಗುಳಿಗೆಗೆ ಏನೂ ಗೊತ್ತಿಲ್ಲ. ರಕ್ತ ಹೋದಲ್ಲೆಲ್ಲ ಅದೂ ಹೋಗುತ್ತದೆ. ಪೆಟ್ಟು ಬಿದ್ದೆಡೆ ಜೀವಕೋಶಗಳು ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯ ತಯಾರಿಸುತ್ತವೆ; ಊತಕ್ಕೂ ಜ್ವರಕ್ಕೂ ನೋವಿಗೂ ಅದರ ಕುಮ್ಮಕ್ಕಿದೆ. ತಯಾರಿಕೆಯ ಕಿಣ್ವ ಸೈಕ್ಲೊಆಕ್ಸಿಜನೇಸ್, ಮುದ್ದಿನ ಹೆಸರು ಕಾಕ್ಸ್. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಈ ಕಿಣ್ವವನ್ನು ತಡೆಯುತ್ತವೆ. ಇದನ್ನು 1971ರಲ್ಲಿ ತೋರಿಸಿದ ಜಾನ್ ವೇನ್ 1982ರ ನೊಬೆಲ್ ಹಂಚಿಕೊಂಡರು. ಬೇಯರ್ ಕಂಪನಿಯ ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಎಂದರೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಲೋಕಕ್ಕೆ ಕಾರಣ ತಿಳಿಯದೆಯೇ ಗುಣವಾಗುತ್ತಿತ್ತು. ಮೀಮಾಂಸಕ ಕುಲಕ್ಕೆ ಇದು ಸಹಿಸಲಾಗದ ಅವಮಾನ.

ತೊಡಕಿರುವುದು ಇಲ್ಲಿ. ಅದೇ ಪ್ರೋಸ್ಟಾಗ್ಲಾಂಡಿನ್ ಜಠರದ ಒಳಪೊರೆಯನ್ನು ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯುವ ದಾರಿಯನ್ನು ತೆರೆದಿಡುತ್ತದೆ. ಮಂಡಿಯ ಸಲುವಾಗಿ ಕಾಕ್ಸನ್ನು ತಡೆಯುವುದೆಂದರೆ ಒಬ್ಬರ ಮನೆಯ ಮೈಕ್ ನಿಲ್ಲಿಸಲು ಊರಿಗೂರೇ ಕರೆಂಟ್ ತೆಗೆದಂತೆ. ಹುಣ್ಣು, ರಕ್ತಸ್ರಾವ, ಕಾಲೂತ, ಏರುವ ಬಿಪಿ ಎಲ್ಲ ಬರುವುದು ಹೀಗೆ. ಮಂಡಿ ಸುಮ್ಮನಾಗಿ ಹೊಟ್ಟೆ ಉರಿಯತೊಡಗಿದರೆ ಗ್ಯಾಸ್‌ವಾದಿಗಳು ‘ನಾವು ಆಗಲೇ ಹೇಳಿರಲಿಲ್ಲವೇ’ ಎನ್ನುತ್ತಾರೆ. ಊಟವಾದ ಮೇಲೆ ನುಂಗಿದರೆ ದೋಷವಿಲ್ಲವೆಂಬ ಸ್ಮೃತಿವಾಕ್ಯವೂ ಪೂರ್ತಿ ನಿಲ್ಲದು. ಇಂಜೆಕ್ಷನ್ ಚುಚ್ಚಿಸಿಕೊಂಡರೂ ಹುಣ್ಣಾದೀತು, ಪೆಟ್ಟು ರಕ್ತದ ಕಡೆಯಿಂದಲೂ ಬೀಳುತ್ತದಲ್ಲ.

ಕಾಕ್ಸ್‌ನಲ್ಲಿ ಎರಡು ಬಗೆ, ಉರಿಯೂತಕ್ಕೆ ಮುಖ್ಯವಾದ ಎರಡನೆಯದನ್ನಷ್ಟೇ ತಡೆದರಾಯಿತು ಎಂದು ನವ್ಯಪಂಥದವರು ಹೊರಟರು. 1999ರಲ್ಲಿ ಬಂದ ರೋಫೆಕಾಕ್ಸಿಬ್ ಹೊಟ್ಟೆಯ ಮೇಲೇನೋ ಕನಿಕರ ತೋರಿತು, ಹೃದಯದ ಮೇಲೆ ತೋರಲಿಲ್ಲ. ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚಿದ್ದು ಕಂಡು 2004ರಲ್ಲಿ ತಯಾರಕರೇ ಅದನ್ನು ಹಿಂತೆಗೆದರು.

ಪ್ರತ್ಯಕ್ಷ, ಅನುಮಾನಗಳಲ್ಲದೆ ಈ ಶಾಸ್ತ್ರದಲ್ಲಿ ರಣಹದ್ದು ಎಂಬ ಇನ್ನೊಂದು ಪ್ರಮಾಣವಿದೆ. ಡೈಕ್ಲೊಫೆನಾಕ್ ಕೊಟ್ಟ ದನದ ಹೆಣ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ರಾಶಿರಾಶಿ ಸತ್ತವು. ಪಶುಗಳಿಗೆ ಅದನ್ನು ಕೊಡುವುದಕ್ಕೆ ಭಾರತ ತಡೆ ಹಾಕಿದ್ದು 2006ರಲ್ಲಿ. ಉಳಿದ ಕೆಲವಕ್ಕಾಗಿ ರಾಮನಗರದ ರಾಮದೇವರ ಬೆಟ್ಟದಲ್ಲಿ ಧಾಮವನ್ನೇ ಮಾಡಬೇಕಾಯಿತು. ಪಾಪ, ಅವುಗಳಲ್ಲಿ ಒಂದಕ್ಕೂ ಮಂಡಿನೋವಿರಲಿಲ್ಲ.

ವಿದ್ವಜ್ಜನರಲ್ಲಿ ಅರಿಕೆ: ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆಯಿದ್ದವರು ಮೆಡಿಕಲ್ ಶಾಪಿನ ಮುಂದೆ ಪಾಂಡಿತ್ಯ ಮೆರೆಯದೆ ಡಾಕ್ಟರನ್ನು ಕೇಳಿ. ಡೆಂಗಿ ಇರಬಹುದೆನಿಸುವ ಜ್ವರದಲ್ಲಂತೂ ಈ ಗುಳಿಗೆಗಳನ್ನು ಮುಟ್ಟಬೇಡಿ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.