ನಿವೃತ್ತ ಪೊಲೀಸ್ ಕಾರಿನ ವಿಕ್ರಯ ಮೀಮಾಂಸೆ

ಅನುಬಂಧ ಚತುಷ್ಟಯವನ್ನು ಹೇಳದೆ ಶಾಸ್ತ್ರಗ್ರಂಥವನ್ನು ಆರಂಭಿಸಬಾರದು ಎಂಬುದು ಹಿರಿಯರ ಕಟ್ಟಳೆ. ಅದರಂತೆ, ಈ ಪ್ರಬಂಧದ ವಿಷಯ: ಹಿಂದೊಮ್ಮೆ ಪೊಲೀಸ್ ಇಲಾಖೆಯಲ್ಲಿ ಸೇವೆ ಸಲ್ಲಿಸಿ ಈಗ ಖಾಸಗಿಯವರ ಮನೆ ಮುಂದೆ ವಿಶ್ರಾಂತಿ ಪಡೆಯುತ್ತಿರುವ ಅಂಬಾಸಿಡರ್ ಕಾರು. ಪ್ರಯೋಜನ: ಅದು ಅಲ್ಲಿಂದ ತೊಲಗುವುದು. ಸಂಬಂಧ: ಕಾರಿಗೂ ಮನೆಯವರಿಗೂ ಈಚೆಗೆ ಹಳಸಿದೆ. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹತೆಯುಳ್ಳವನು ಯಾರೆಂದರೆ, ‘ನೀವು ಮಾರ್ತೀರೋ, ಇಲ್ಲಾ ನಾನೇ ಗುಜರಿಯವನನ್ನ ಕರೀಲೋ’ ಎಂಬ ಮಹಾವಾಕ್ಯವನ್ನು ಅಡುಗೆಮನೆಯ ದಿಕ್ಕಿನಿಂದ ಶ್ರವಣ ಮಾಡಿದವನು. ಉಳಿದವರೂ ಓದಬಹುದು, ಫಲಶ್ರುತಿ ಅವರಿಗೆ ಅನ್ವಯಿಸುವುದಿಲ್ಲ.

ಮೊದಲು ಕಾಲನಿರ್ಣಯ. ಕರ್ನಾಟಕದ ಪೊಲೀಸ್ ವಾಹನಗಳ ಇತಿಹಾಸವನ್ನು ವಿದ್ವಾಂಸರು (ಸದ್ಯಕ್ಕೆ ಈ ಲೇಖಕನೊಬ್ಬನೇ) ಹೊಯ್ಸಳಪೂರ್ವ ಯುಗ, ಹೊಯ್ಸಳ ಯುಗ ಎಂದು ಎರಡಾಗಿ ವಿಂಗಡಿಸುತ್ತಾರೆ. ಬೆಂಗಳೂರಿನ ಗಸ್ತು ಗಾಡಿಗಳಿಗೆ ಹೊಯ್ಸಳ ಎಂದು ಹೆಸರಿಟ್ಟ ಪುಣ್ಯಾತ್ಮರು ಮುಂದಿನ ತಲೆಮಾರಿನ ಉತ್ಖನನಕಾರರ ಕೈಯಲ್ಲಿ ಎಂಥ ಕೆಂಡ ಇಟ್ಟು ಹೋಗಿದ್ದಾರೆಂಬುದು ಅವರಿಗೇ ತಿಳಿಯದು. ಬೇಲೂರಿನ ಹತ್ತಿರ ಎಲ್ಲಾದರೂ ಅಂಥ ಒಂದು ಬಾಗಿಲು ಮಣ್ಣಿನಡಿ ಸಿಕ್ಕರೆ ಸಾಕು, ವಿಷ್ಣುವರ್ಧನನ ಸೈನ್ಯದಲ್ಲಿ ತಗಡಿನ ರಥಗಳಿದ್ದವೆಂದು ಯಾರಾದರೂ ಪಿಎಚ್‌ಡಿ ಪಡೆಯುವುದು ಖಚಿತ. ಹೊಯ್ಸಳಪೂರ್ವದಲ್ಲಿ ಮತ್ತೆ ಜೀಪು, ಅಂಬಾಸಿಡರ್, 1985ರಲ್ಲಿ ಬಂದ ಜಿಪ್ಸಿ ಎಂಬ ಒಳಭೇದಗಳುಂಟು. ಜೀಪು ಸಬ್ ಇನ್‌ಸ್ಪೆಕ್ಟರರದು, ಅಂಬಾಸಿಡರ್ ಅವರಿಗೆ ಬೈಯುವವರದು.

ನಮ್ಮ ಪ್ರಸ್ತುತ ಪ್ರತಿ 1973ರ ಆರಂಭದ ಮಾರ್ಕ್ 2. ಚೌಕುಳಿ ಜಾಲರಿಯ ಮುಖ, 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೇರಿಂಗಿಗೆ ಅಂಟಿಕೊಂಡ ಗೇರು, ಮುಂದೆ ಮೂವರು ಕೂತು ನಾಲ್ಕನೆಯವನಿಗೂ ‘ಸ್ವಲ್ಪ ಸರ್ಕೊಳ್ಳಿ’ ಎನ್ನಬಹುದಾದ ಉದ್ದ ಸೀಟು. ಇಲ್ಲಿ ಒಂದು ಘೋರ ಸಮಸ್ಯೆ ಎದುರಾಗುತ್ತದೆ. ಹಳೆಯ ಕಾರು ಮಾರುವವನ ಮೊದಲ ಮಂತ್ರವೇ ‘ಸಿಂಗಲ್ ಓನರ್’. ಈ ಕಾರನ್ನು ಕೊಂಡದ್ದು ಮೈಸೂರು ರಾಜ್ಯ ಸರ್ಕಾರ. ಅದೇ ವರ್ಷ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕವಾಯಿತು. ಹೆಸರು ಬದಲಾದ ಮಾತ್ರಕ್ಕೆ ಒಡೆಯ ಬದಲಾದನೇ? ಬದಲಾಗಲಿಲ್ಲ, ಮದುವೆಯಾಗಿ ಹೆಸರು ಬದಲಿಸಿಕೊಂಡವರ ಒಡವೆ ಅವರದೇ ಅಲ್ಲವೇ ಎಂಬುದು ನನ್ನ ಪಕ್ಷ. ಬದಲಾಯಿತು, ಮೊದಲಿನ ಓನರ್ ಎಂಟು ತಿಂಗಳಿಗೇ ಗಾಡಿ ಬಿಟ್ಟನೆಂದರೆ ಏನೋ ಐಬಿದೆ ಎಂಬುದು ಬ್ರೋಕರನ ಪಕ್ಷ. ಸರ್ಕಾರದಿಂದ ನನ್ನವರೆಗೆ ನಡುವೆ ಎಷ್ಟು ಜನ ಓಡಿಸಿದರೆಂಬುದನ್ನು ಎರಡೂ ಪಕ್ಷಗಳು ಸೌಜನ್ಯದಿಂದ ಬಿಟ್ಟಿವೆ.

ಶಾಸನಶೋಧದ ಮಾತಿಗೆ ಬಂದರೆ, ಬಿ.ಎಲ್. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಿಗಾಗಿ ಊರೂರು ಸುತ್ತಿಸಿ ಕಲ್ಲು, ತಾಮ್ರಪಟ ಏನನ್ನೂ ಬಿಡಲಿಲ್ಲ. ಅಂಬಾಸಿಡರಿನ ಡಿಕ್ಕಿಯೊಂದು ಅವರ ಕಾಲಕ್ಕೆ ಇರಲಿಲ್ಲ. ನಮ್ಮ ಕಾರಿನ ಡಿಕ್ಕಿಯ ಮೇಲೆ ಬಿಳಿ ಬಣ್ಣ ಎದ್ದ ಜಾಗದಲ್ಲಿ, ಸಂಜೆಯ ಓರೆ ಬಿಸಿಲಿಗೆ, ಒಂದು ಅಕ್ಷರ ಕಾಣಿಸುತ್ತದೆ. ಅದು ‘ಪೊ’ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹ್ರಸ್ವವೋ ದೀರ್ಘವೋ ಎಂಬಲ್ಲಿ ತುಕ್ಕು ಹಿಡಿದು ಪಾಠ ತ್ರುಟಿತವಾಗಿದೆ. ಟಿಂಕರಿಂಗಿನವನು ಇದರ ಮೇಲೆ ಒಂದು ಕೋಟ್ ಎಳೆದುಬಿಡಲೇ ಎಂದು ಕೇಳಿದಾಗ ಈ ಲೇಖಕ ಕೈ ಅಡ್ಡ ಹಿಡಿದ.

ಈಗ ಪ್ರಬಂಧದ ತಿರುಳು. ಮಾರುವುದು ಏನನ್ನು? ಕಾರನ್ನು ಎಂಬುದು ಪೂರ್ವಪಕ್ಷ. ಕಾರಾದರೆ ಬೇಕಾದಷ್ಟಿವೆ, ಇದಕ್ಕಿಂತ ಕಡಿಮೆಗೆ ಸಿಕ್ಕು ಬೆಳಿಗ್ಗೆ ಸ್ಟಾರ್ಟೂ ಆಗುತ್ತವೆ. ಸಿದ್ಧಾಂತ ಏನೆಂದರೆ, ಇಲ್ಲಿ ಮಾರಾಟಕ್ಕಿರುವ ಪದಾರ್ಥ ಗತ್ತು. ವೈಶೇಷಿಕರು ಹೇಳಿದ ಏಳು ಪದಾರ್ಥಗಳಲ್ಲಿ ಇದು ದ್ರವ್ಯವಲ್ಲ, ತೂಕವಿಲ್ಲ. ಗುಣವಲ್ಲ, ಏಕೆಂದರೆ ಕಾರು ನಿಂತಿದ್ದರೂ ಪಕ್ಕದಲ್ಲಿ ಹೋಗುವ ಸ್ಕೂಟರಿನವನು ಹೆಲ್ಮೆಟ್ ಸರಿ ಮಾಡಿಕೊಳ್ಳುತ್ತಾನೆ, ಗುಣ ತನ್ನ ದ್ರವ್ಯ ಬಿಟ್ಟು ಹೀಗೆ ರಸ್ತೆ ದಾಟುವುದಿಲ್ಲ. ಹಾಗಾದರೆ ಉಳಿದದ್ದು ಏಳನೆಯದಾದ ಅಭಾವ. ಸೂಕ್ಷ್ಮವಾಗಿ ನೋಡಿದರೆ ನಮ್ಮ ಕಾರಿನಲ್ಲಿ ಅಭಾವದ ನಾಲ್ಕೂ ಪ್ರಭೇದಗಳು ದೊರೆಯುತ್ತವೆ. ಬಾನೆಟ್ಟಿನ ಬಿಳಿಯೂ ಬಾಗಿಲಿನ ಬಿಳಿಯೂ ಒಂದಕ್ಕೊಂದು ಸೇರದಿರುವುದು ಅನ್ಯೋನ್ಯಾಭಾವ. ಎಸಿ, ಪವರ್ ಸ್ಟೇರಿಂಗ್ ಎಂದೆಂದೂ ಇರದಿರುವುದು ಅತ್ಯಂತಾಭಾವ. ಗಿರಾಕಿ ಇನ್ನೂ ಹುಟ್ಟಿಬರದಿರುವುದು ಪ್ರಾಗಭಾವ. ಇದ್ದು ನಾಶವಾದ ಸೈರನ್, ತಲೆಯ ಮೇಲಿನ ದೀಪ, ನಂಬರ್ ಪ್ಲೇಟಿನ ಮೇಲಿದ್ದ ಕೆಂಪು ನೀಲಿ ಬೋರ್ಡು, ಇವು ಪ್ರಧ್ವಂಸಾಭಾವ. ಗತ್ತು ಇರುವುದು ಈ ನಾಲ್ಕನೆಯದರಲ್ಲಿ.

ಕಣ್ಣಾರೆ ಕಾಣಬೇಕಾದರೆ ಕಾರಿನ ನೆತ್ತಿ ನೋಡಬೇಕು. ದೀಪ ಬಿಗಿದಿದ್ದ ನಾಲ್ಕು ಸ್ಕ್ರೂ ತೂತುಗಳು ಹಾಗೂ ವೈರು ಇಳಿಯಲು ಕೊರೆದ ಐದನೆಯ ದೊಡ್ಡ ತೂತು ಅಲ್ಲಿವೆ. ಹರಾಜಿಗೆ ಮೊದಲು ದೀಪ ಬಿಚ್ಚಿಕೊಂಡ ಇಲಾಖೆಗೆ ತೂತುಗಳನ್ನು ಬಿಚ್ಚಿಕೊಳ್ಳಲು ಬರಲಿಲ್ಲ. ಪ್ರಾಚ್ಯವಸ್ತು ಸಂಗ್ರಾಹಕರು ಈ ತೂತುಗಳನ್ನು ಬೆರಳಿಟ್ಟು ಮುಟ್ಟಿ ‘ಒರಿಜಿನಲ್’ ಎಂದು ಉಸಿರೆಳೆಯುತ್ತಾರೆ. ಮುಚ್ಚಿದರೆ ಪ್ರಮಾಣ ಹೋಯಿತು, ಬಿಟ್ಟರೆ ಆಷಾಢದ ಮಳೆ ನೇರವಾಗಿ ಹಿಂದಿನ ಸೀಟಿನ ಎಡಗಡೆ, ಸಾಹೇಬರು ಕೂರುತ್ತಿದ್ದ ಜಾಗಕ್ಕೇ ಬೀಳುತ್ತದೆ. ಎಂ-ಸೀಲ್ ವಾದಿಗಳಿಗೂ ತಟಸ್ಥರಿಗೂ ನಮ್ಮ ಮನೆಯಲ್ಲಿ ನಡೆದ ವಾದದ ಫಲವಾಗಿ ಸದ್ಯಕ್ಕೆ ಒಂದು ಸ್ಟೀಲ್ ತಟ್ಟೆ ಬೋರಲು ಬಿದ್ದಿದೆ.

ಕಾನೂನು ನಿಷೇಧಿಸಿರುವುದೂ ಸರಿಯಾಗಿ ಈ ಗತ್ತನ್ನೇ. ಸರ್ಕಾರಿ ನೌಕರನೆಂದು ನಂಬಿಸುವ ಉದ್ದೇಶದಿಂದ ಉಡುಪು ತೊಟ್ಟರೆ, ಲಾಂಛನ ಹೊತ್ತರೆ, ಹಳೆಯ ದಂಡ ಸಂಹಿತೆಯ 171ನೇ ಕಲಂ ಮೂರು ತಿಂಗಳ ಸಜೆ ಅಥವಾ 200 ರೂಪಾಯಿವರೆಗಿನ ದಂಡ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 205ನೇ ಕಲಂ ಆ ದಂಡವನ್ನು 5,000ಕ್ಕೆ ಏರಿಸಿದೆ. ಗತ್ತಿನ ದರ 25 ಪಟ್ಟು ಏರಿದ್ದಕ್ಕೆ ಇದಕ್ಕಿಂತ ಅಧಿಕೃತ ಆಧಾರ ಬೇಕೇ? ಕಾರಿನ ದರ ಮಾತ್ರ ಅಲ್ಲೇ ಇದೆ.

ದರದ ಗಣಿತ ಇನ್ನೂ ಗಹನ. ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಆ ಹೆಸರನ್ನು ಮಾತ್ರ 2017ರಲ್ಲಿ ಫ್ರಾನ್ಸಿನ ಪೂಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಕಾರಿಲ್ಲದ ಹೆಸರಿಗೆ 80 ಕೋಟಿ. ಇಲ್ಲಿ ಹೆಸರಿನ ಜೊತೆಗೆ ಕಾರನ್ನೂ, ಸ್ಟೆಪ್ನಿಯನ್ನೂ, ಜಾಕನ್ನೂ ಕೊಡುತ್ತೇನೆಂದರೆ ಬ್ರೋಕರ್ 60 ಸಾವಿರದ ಮೇಲೆ ಒಂದು ರೂಪಾಯಿ ಏರಲಿಲ್ಲ. ಹೆಸರಿನ ಬೆಲೆ ಕಳೆದರೆ ಉಳಿದ ಕಾರಿನ ಬೆಲೆ ಋಣ 79 ಕೋಟಿ 99 ಲಕ್ಷ 40 ಸಾವಿರ ಎಂದಾಯಿತು. ಲೆಕ್ಕವನ್ನು ಮನೆಯಲ್ಲಿ ತೋರಿಸಿದಾಗ, ‘ನಾನು ಇಷ್ಟು ದಿನ ಹೇಳಿದ್ದೂ ಅದೇ’ ಎಂಬ ಉತ್ತರ ಬಂತು.

ವಿಂಟೇಜ್ ಎನ್ನಿಸಿದರೆ ಬೆಲೆ ಬರುತ್ತದೆ ಎನ್ನುವವರಿದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ಗಾಡಿ ಆ ಪದವಿಗೆ ಅರ್ಹ. ಎಷ್ಟೋ ಅಂಬಾಸಿಡರುಗಳು ಇಲ್ಲೇ ಎಡವುತ್ತವೆ. ಪೆಟ್ರೋಲ್ ಖರ್ಚಿಗೆ ಹೆದರಿ ಮಟಾಡೋರ್ ಡೀಸೆಲ್ ಎಂಜಿನ್ ಕೂರಿಸಿಕೊಂಡ ಪ್ರತಿಗಳನ್ನು ಗ್ರಂಥಸಂಪಾದಕರು ಪ್ರಕ್ಷಿಪ್ತವೆಂದು ಬದಿಗಿಡಲೇಬೇಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಪದವಿ ಬಂದ ಮೇಲೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಬಂಕ್, ರಿಪೇರಿ, ಇಂಥವಕ್ಕಷ್ಟೇ ಅಪ್ಪಣೆ. ನಮ್ಮದು ಈಗಲೂ ರಿಪೇರಿಗೆ ಬಿಟ್ಟು ಎಲ್ಲಿಗೂ ಹೋಗದ ಕಾರಣ ಈ ಷರತ್ತು ಬಾಧಕವಲ್ಲ.

ಗಿರಾಕಿಗಳಲ್ಲಿ ಸಿನಿಮಾದವರದು ಒಂದು ಪಂಥ. ಶಂಕರ್‌ನಾಗ್ ‘ಸಾಂಗ್ಲಿಯಾನ’ (1988), ಸಾಯಿಕುಮಾರ್ ‘ಪೊಲೀಸ್ ಸ್ಟೋರಿ’ (1996) ನೋಡಿ ಬೆಳೆದ, ಆ ಪಂಥದಿಂದ ಬಂದ ಮ್ಯಾನೇಜರನೊಬ್ಬನಿಗೆ ಪೊಲೀಸ್ ಎಂದರೆ ಜೀಪೇ. ಅಂಬಾಸಿಡರಿನಿಂದ ಇಳಿಯುವವನು ಮಂತ್ರಿ, ಕೊನೆಯ ರೀಲಿನಲ್ಲಿ ಒದೆ ತಿನ್ನುವವನು. ಆದರೂ ಒಂದು ದಿನದ ಬಾಡಿಗೆಗೆ ಕೇಳಿದ. ‘ಪಲ್ಟಿ ಹೊಡ್ಸಿ ವಾಪಸ್ ತಂದು ಬಿಡ್ತೀವಿ ಸಾರ್’ ಎಂದು ವಾಪಸ್ಸಿನ ಭರವಸೆಯನ್ನೂ ಕೊಟ್ಟ.

ಗಂಭೀರ ಅಧ್ಯಯನಕ್ಕೆ ಯೋಗ್ಯನಾದವನು ನಿವೃತ್ತ ಪೊಲೀಸ್ ಡ್ರೈವರ್. ಆತ ಕೊಳ್ಳಲು ಬರುವುದಿಲ್ಲ, ನೋಡಲು ಬರುತ್ತಾನೆ. ನಮ್ಮಲ್ಲಿಗೆ ಬಂದವರು ಚಪ್ಪಲಿ ಗೇಟಿನ ಹೊರಗೆ ಬಿಟ್ಟು ಬಂದರು. ಬಾನೆಟ್ ಎತ್ತಿಸಿ, ಡಿಪ್‌ಸ್ಟಿಕ್ ಎಳೆದು, ಆಯಿಲನ್ನು ಬೆರಳ ತುದಿಗೆ ಹಚ್ಚಿ ತಿಕ್ಕಿ ನೋಡಿ, ಒಂದು ಮಾತೂ ಆಡದೆ ಲುಂಗಿಗೆ ಒರೆಸಿಕೊಂಡರು. ಕೀಲಿ ಕೊಟ್ಟು ‘ಓಡಿಸಿ ನೋಡಿ’ ಎಂದರೆ ಬೇಡವೆಂದರು. ಹಿಂದಿನ ಬಾಗಿಲು ತೆಗೆದು, ಎಡಗಡೆಯ ಸೀಟಿನಲ್ಲಿ, ತಟ್ಟೆಯ ನೇರ ಕೆಳಗೆ ಹೋಗಿ ಕೂತರು. ಸರ್ವೀಸಿನುದ್ದಕ್ಕೂ ಬಾಗಿಲು ತೆಗೆದದ್ದುಂಟು, ಕೂತದ್ದಿಲ್ಲವಂತೆ. ಬಹಳ ಹೊತ್ತಾದ ಮೇಲೆ ಹೇಳಿದರು: ‘ಅಲ್ಲಾ ಸ್ವಾಮಿ, ಇಲ್ಲಿ ಕೂತ್ರೆ ಡ್ರೈವರ್ ತಲೆ ಬಿಟ್ರೆ ಏನೂ ಕಾಣಾಕಿಲ್ವಲ್ಲ! ಮತ್ತೆ ಅಷ್ಟು ದಿನ ನಂಗೆ ದಾರಿ ತಪ್ಪಿದ್ದೀಯ ಅಂತ ಬೈತಿದ್ರಲ್ಲ, ಅವ್ರಿಗೆ ಹೆಂಗೆ ಗೊತ್ತಾಗ್ತಿತ್ತು?’ ಗತ್ತು ಜ್ಞಾನಸಾಪೇಕ್ಷವಲ್ಲ ಎಂಬುದಕ್ಕೆ ಇದಕ್ಕಿಂತ ಪ್ರಬಲ ಪ್ರಮಾಣ ಈ ಲೇಖಕನಿಗೆ ಸಿಕ್ಕಿಲ್ಲ.

ಕೊನೆಗೆ ಪ್ರಾಗಭಾವ ನೀಗಿಸಿದವನು ತುಮಕೂರು ರಸ್ತೆಯ ಢಾಬಾದವನು. ಪೊಲೀಸ್ ಗಾಡಿ ನಿಂತ ಕಡೆ ಊಟ ಚೆನ್ನಾಗಿರುತ್ತದೆಂದು ಜನ ನಂಬುತ್ತಾರೆ ಎಂಬುದು ಅವನ ವ್ಯಾಪ್ತಿಜ್ಞಾನ. ಪೊಲೀಸ್ ಗಾಡಿ ನಿಂತ ಕಡೆ ಲಾರಿಯವನು ನಿಲ್ಲಿಸುವುದೇ ಇಲ್ಲವೆಂಬ ವ್ಯಭಿಚಾರ ದೋಷವನ್ನು ಮಾರುವವನಾಗಿ ನಾನು ಎತ್ತಿ ತೋರಿಸಲಿಲ್ಲ. ಬದಲಿಗೆ ವಿರಳತೆಯ ವಾದ ಹೂಡಿದೆ: 2023ರ ಏಪ್ರಿಲ್ 1ರಿಂದ 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ಕಾರ್ಯಾಚರಣೆಯ ಕೆಲವು ವಿಶೇಷ ವಾಹನ ಬಿಟ್ಟರೆ ಉಳಿದವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು, ಇಂಥ ಮುದಿ ಗಾಡಿ ಮೈದಾನದ ಹರಾಜಿನಲ್ಲಿ ಸವಾಲು ಕೂಗಿ ತರುವ ಕಾಲ ಮುಗಿಯಿತು. ‘ಹಾಗಾದ್ರೆ ಇದನ್ನೂ ಗುಜರಿ ರೇಟಿಗೇ ಕೊಡ್ಬೇಕಲ್ಲ ಸಾರ್’ ಎಂದ. ತರ್ಕದಲ್ಲಿ ಇಷ್ಟು ಪಳಗಿದವನು ರೊಟ್ಟಿ ಯಾಕೆ ಸುಡುತ್ತಿದ್ದಾನೋ.

85 ಸಾವಿರಕ್ಕೆ ಕುದುರಿತು. ಕ್ರೇನು ಬಂದು ಹಗ್ಗ ಬಿಗಿಯುವ ಹೊತ್ತಿಗೆ ನಾನು ಫಾರಂ 29ರ ಎರಡು ಪ್ರತಿ, ಫಾರಂ 30 ತೆಗೆದು ಮುಂದಿಟ್ಟೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತದ ಪರಿಹಾರಕ್ಕೆ ಹೊಣೆ, ಗಾಡಿ ಎಷ್ಟೇ ಕೈ ದಾಟಿರಲಿ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ತೀರ್ಪು ಕೊಟ್ಟಿದೆ, ಸಹಿ ಬೀಳದೆ ಗಾಡಿ ಅಲುಗುವಂತಿಲ್ಲ ಎಂದೆ. ಅವನು ಪೆನ್ನು ಹಿಡಿದುಕೊಂಡು ಕಾರನ್ನೂ ನನ್ನನ್ನೂ ಒಮ್ಮೆ ನೋಡಿ ಕೇಳಿದ: ‘ಪೊಲೀಸ್ ಗಾಡಿಗೂ ಪೇಪರ್ ಬೇಕಾ ಸಾರ್?’