ಡಬ್ಬದ ಪುಡಿ, ಗರಡಿಯ ಬಾದಾಮಿ

ನಮ್ಮ ಬೀದಿಯ ಜಿಮ್ ಹುಡುಗರ ಮನೆಗಳಲ್ಲಿ ಈಗ ಅಕ್ಕಿ ಡಬ್ಬಕ್ಕಿಂತ ವ್ಹೇ ಪ್ರೋಟೀನ್ ಡಬ್ಬವೇ ದಪ್ಪ. ಚೀಸ್ ಮಾಡುವಾಗ ಉಳಿಯುವ ತಿಳಿನೀರನ್ನು ಸೋಸಿ ಒಣಗಿಸಿದ ಪುಡಿ ಅದು. ಪನೀರ್ ಮಾಡಿ ಅಂಥದ್ದೇ ನೀರನ್ನು ಸಿಂಕಿಗೆ ಸುರಿಯುವ ಅಮ್ಮನೇ ಮಗನ ಡಬ್ಬಕ್ಕೆ ಸಾವಿರಾರು ರೂಪಾಯಿ ಎಣಿಸಬೇಕು!

ಮೈಸೂರಿನ ಗರಡಿ ಪೈಲ್ವಾನರು ಕೆಮ್ಮಣ್ಣಿನಲ್ಲಿ ಹೊರಳಾಡಿ, ದಂಡ-ಬಸ್ಕಿ ಹೊಡೆದು, ಅರೆದ ಬಾದಾಮಿಯನ್ನು ಹಾಲಿಗೆ ಕದಡಿ ಕುಡಿದು ದಸರಾ ಕುಸ್ತಿಗೆ ಇಳಿದವರು. ಅವರಿಗೆ ಗ್ರಾಂ ಲೆಕ್ಕ ಬೇಕಿರಲಿಲ್ಲ, ತೊಡೆ ತಟ್ಟಲು ಬಂದರೆ ಸಾಕಿತ್ತು. ಈಗಿನ ಲೆಕ್ಕ ನೋಡಿ: ಸ್ನಾಯು ಬೆಳೆಸುವವರಿಗೆ ಮೈತೂಕದ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್. 70 ಕೆ.ಜಿ. ಹುಡುಗನಿಗೆ 112 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6. ಮೊಟ್ಟೆಯಲ್ಲೇ ತೀರಿಸ ಹೊರಟರೆ ಹಿತ್ತಲಲ್ಲಿ ಕೋಳಿ ಫಾರಂ ತೆರೆಯಬೇಕಾದೀತು. 100 ಗ್ರಾಂ ಹುರುಳಿಕಾಳಿನಲ್ಲಿ 20 ಗ್ರಾಂ ದಾಟುತ್ತದೆ ನಿಜ. ಆದರೆ ಹುರುಳಿಸಾರನ್ನು ಶೇಕರ್‌ನಲ್ಲಿ ಅಲ್ಲಾಡಿಸಿದರೆ ಇನ್‌ಸ್ಟಾಗ್ರಾಂನಲ್ಲಿ ಲೈಕ್ ಯಾರು ಒತ್ತುತ್ತಾರೆ?

ಜಿಮ್ ಹುಡುಗರ ಇನ್ನೊಂದು ಪುಡಿ ಕ್ರಿಯಾಟಿನ್ ಮಾತ್ರ ಬರೀ ಬುರುಡೆಯಲ್ಲ. ದಿನಕ್ಕೆ 3ರಿಂದ 5 ಗ್ರಾಂ ಸಾಕು. ಉಳಿದದ್ದಕ್ಕೆ ನಿದ್ದೆಯೇ ಮದ್ದು.

"ರಾತ್ರಿ ಚೆನ್ನಾಗಿ ಮಲಗ್ತೀಯೇನಪ್ಪಾ?" ಅಂದೆ ಪಕ್ಕದ ಮನೆ ಹುಡುಗನಿಗೆ.

"ಎಲ್ಲಿ ಅಂಕಲ್! ರಿಕವರಿ ಬಗ್ಗೆ ವಿಡಿಯೋ ನೋಡ್ತಾ ಎರಡು ಗಂಟೆ ಆಗೋಗುತ್ತೆ."